ಕತ್ತರಿಸಿದ ಸ್ಪ್ರಿಂಗ್, ಲೋವರಿಂಗ್ ಸ್ಪ್ರಿಂಗ್, ಕಾಯಿಲ್‌ಓವರ್: ಒಂದೇ ಸ್ವಿಫ್ಟ್‌ನಲ್ಲಿ ಮೂರೂ

ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ನನ್ನ ಕೈಗೆ ಬಂದಾಗಲೇ ತಗ್ಗಾಗಿತ್ತು. ಹಿಂದಿನವರು ಕಂಪನಿ ಸ್ಪ್ರಿಂಗನ್ನೇ ಗ್ರೈಂಡರ್ ಹಿಡಿದು ಒಂದು ಸುತ್ತು ಕತ್ತರಿಸಿದ್ದರು. ಎದುರಿಗೆ ನಿಂತು ನೋಡಿದರೆ ಕಾರು ತನ್ನ ಬಲಗಡೆಗೆ, ಅಂದರೆ ಡ್ರೈವರ್ ಬದಿಗೆ, ವಾಲಿದ ಹಾಗೆ. ಮುಂದಿನ ಚಕ್ರದ ನಟ್ಟನಡುವಿನಿಂದ ಫೆಂಡರ್ ಅಂಚಿಗೆ ಟೇಪ್ ಹಿಡಿದೆ. ಎಡಕ್ಕೂ ಬಲಕ್ಕೂ 14 ಮಿ.ಮೀ. ವ್ಯತ್ಯಾಸ. (ನೆಲದಿಂದ ಅಳೆದರೆ ಟೈರಿನ ಗಾಳಿ, ಸವೆತವೂ ಲೆಕ್ಕಕ್ಕೆ ಸೇರಿಬಿಡುತ್ತವೆ.)

ಬಿಚ್ಚಿದಾಗ ಕಾರಣ ಗೊತ್ತಾಯ್ತು. ಸ್ಪ್ರಿಂಗಿನ ತುದಿ ಕೂರಲು ಸ್ಟ್ರಟ್ (ಸ್ಪ್ರಿಂಗನ್ನು ಹೊತ್ತ ಶಾಕ್‌ಅಬ್ಸಾರ್ಬರ್ ಕಂಬ) ತಟ್ಟೆಯಲ್ಲಿ ಒಂದು ತಡೆ ಇರುತ್ತದೆ. ಕತ್ತರಿಸಿದ ತುದಿ ಬಲಗಡೆ ಅದರೊಳಗೆ ಕೂತಿತ್ತು, ಎಡಗಡೆ ಅದರ ಮೇಲೆ ಹತ್ತಿತ್ತು. ಜಾಕ್ ಎತ್ತಿದರೆ ಸ್ಪ್ರಿಂಗ್ ಸಡಿಲವಾಗಿ ಕೈಯಲ್ಲೇ ತಿರುಗುತ್ತಿತ್ತು. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಡುಸು, ಕಂಪನಿ ಶಾಕ್‌ಅಬ್ಸಾರ್ಬರ್‌ಗೆ ಅದು ಬಗ್ಗುವುದಿಲ್ಲ. ಶಿರಾಡಿ ಘಾಟಿಯಲ್ಲಿ ಕಾರು ಕುಣಿಯುತ್ತಿತ್ತು. ಮುಂದಿನ ಟೈರುಗಳ ಒಳ ಅಂಚು ಬೋಳು, ಹೊರ ಅಂಚು ಇನ್ನೂ ಹೊಸದರಂತೆ. ದುಡ್ಡು ಉಳಿಯುತ್ತೆ ಅಂತ ಯಾರಾದರೂ ಇದನ್ನು ಹೇಳಿದರೆ ಎದ್ದು ಬನ್ನಿ.

ಎರಡನೆಯದು, 30 ಮಿ.ಮೀ. ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್ ಸೆಟ್. ಕುಣಿತ ನಿಂತಿತು. ಆದರೂ ಎಡಗಡೆ 8 ಮಿ.ಮೀ. ಎತ್ತರ, ಸ್ಟೀರಿಂಗ್ ಬಿಟ್ಟರೆ ಕಾರು ಎಡಕ್ಕೇ ಎಳೆಯೋದು. ಅಲೈನ್‌ಮೆಂಟ್ ಅಂಗಡಿಯ ಹುಡುಗ, "ಅಣ್ಣಾ, ಸ್ಕ್ರೀನ್ ಮೇಲೆ ಎಲ್ಲಾ ಹಸಿರೇ ಇದೆಯಲ್ಲ, ಇನ್ನೇನು ಬೇಕು?" ಅಂದ. ಹಸಿರೇನೋ ಹೌದು. ಆದರೆ ಬಲಚಕ್ರದ ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಹಸಿರಿನ ಒಂದು ತುದಿಯಲ್ಲಿ, ಎಡಚಕ್ರದ್ದು ಇನ್ನೊಂದು ತುದಿಯಲ್ಲಿ. ಎರಡೂ ಮಿತಿಯೊಳಗೇ ಇದ್ದರೂ ನಡುವಿನ ಅಂತರ ಅರ್ಧ ಡಿಗ್ರಿ ದಾಟಿತ್ತು, ಎಳೆತಕ್ಕೆ ಅಷ್ಟು ಸಾಕು. ಈ ಕಾರಿನಲ್ಲಿ ಕಂಪನಿ ಕೊಟ್ಟಿರುವ ಅಡ್ಜಸ್ಟ್‌ಮೆಂಟ್ ಮುಂದಿನ ಟೋ (ಮೇಲಿಂದ ನೋಡಿದರೆ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಒಂದೇ. ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ತೊಲೆ), ಅಲ್ಲಿ ತಿರುಗಿಸಲು ಏನೂ ಇಲ್ಲ. ಹಾಗಾಗಿ ಮೊದಲು ಎತ್ತರ ಸರಿಹೋಗಬೇಕು, ಮಷೀನು ಆಮೇಲೆ.

ಎತ್ತರದ ಕಾರಣ ಸಿಕ್ಕಿತು. ಎಡಗಡೆ ಹೊಸ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಕಾರಿಗೆ ಹಿಡಿದಿಡುವ ತೋಳು) ಹಾಕಿದ್ದವರು ಕಾರು ಲಿಫ್ಟ್ ಮೇಲೆ ತೂಗುತ್ತಿರುವಾಗಲೇ ಬೋಲ್ಟ್ ಬಿಗಿ ಮಾಡಿದ್ದರು. ಕಾರು ಕೆಳಗಿಳಿದಾಗ ಆ ತೋಳಿನ ಕೀಲಿನಲ್ಲಿರುವ ಬುಷ್‌ನ ರಬ್ಬರ್ ತಿರುಚಿಕೊಂಡು ತಾನೇ ಇನ್ನೊಂದು ಸ್ಪ್ರಿಂಗ್ ಆಗಿ ಎತ್ತುತ್ತದೆ. ಚಕ್ರ ನೆಲದ ಮೇಲಿದ್ದು, ಭಾರ ಬಿದ್ದಿರುವಾಗ ಬೋಲ್ಟ್ ಸಡಿಲಿಸಿ, ಬಾನೆಟ್ ಹಿಡಿದು ನಾಲ್ಕು ಸಲ ಅದುಮಿ, ಮತ್ತೆ ಬಿಗಿ ಮಾಡಿಸಿದೆ. 8 ಇದ್ದದ್ದು 3 ಮಿ.ಮೀ.ಗೆ ಇಳಿಯಿತು. ಡ್ರೈವರ್ ಸೀಟಿನಲ್ಲಿ ಒಬ್ಬರನ್ನು ಕೂರಿಸಿ ಟೋ ಹೊಂದಿಸಿದ ಮೇಲೆ ಎಳೆತವೂ ಹೋಯಿತು.

ಮೂರನೆಯದು ಕಾಯಿಲ್‌ಓವರ್, ಅಂದರೆ ರಿಂಗ್ ತಿರುಗಿಸಿ ಎತ್ತರ ಬದಲಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ. ಹಾಕಿದ್ದು ಕುತೂಹಲಕ್ಕೆ. ತಿರುವಿನಲ್ಲಿ ಅದರ ಹಿಡಿತಕ್ಕೆ ಉಳಿದೆರಡೂ ಸಾಟಿಯಲ್ಲ. ನನ್ನ ಸೆಟ್‌ನಲ್ಲಿ ಮೇಲೆ ಕ್ಯಾಂಬರ್ ಬದಲಿಸುವ ಪ್ಲೇಟ್ ಇದ್ದುದರಿಂದ ಎಡ-ಬಲ ಸಮ ಮಾಡುವುದೂ ಸಲೀಸು. ಆದರೆ ರಿಂಗ್ ತಿರುಗಿಸಿ ಒಂದು ಮೂಲೆ ಎತ್ತಿದರೆ ಅದರ ಕರ್ಣದ ಮೂಲೆಗೂ ಭಾರ ಏರುತ್ತದೆ, ಪ್ರತಿ ಸಲವೂ ಟೋ ಹೊಸದಾಗಿ ಹೊಂದಿಸಬೇಕು. ಟೇಪ್ ನೋಡಿ ನಾಲ್ಕೂ ಸಮ ಮಾಡಿದೆ ಅಂದುಕೊಂಡವರ ಕಾರು ಬ್ರೇಕ್ ಹಿಡಿದಾಗ ಪಕ್ಕಕ್ಕೆ ಜರುಗುವುದು ಈ ಭಾರದ ಏರುಪೇರಿಗೇ. ಮಳೆಗಾಲದ ಕೆಸರು ಥ್ರೆಡ್‌ನಲ್ಲಿ ಕೂತು ರಿಂಗ್ ಕಚ್ಚಿಕೊಂಡಿತು, ಸಿ-ಸ್ಪ್ಯಾನರ್ ಜಾರಿ ಬೆರಳುಗಂಟು ಸುಲಿಯಿತು. ಹಂಪ್‌ಗಳ ಮೇಲೆ ಹಿಂದಿನ ಸೀಟಿನಲ್ಲಿ ಕೂತ ಅಮ್ಮನ ಅಭಿಪ್ರಾಯ ಇಲ್ಲಿ ಬರೆಯುವಂಥದ್ದಲ್ಲ.

ಈಗ ಲೋವರಿಂಗ್ ಸ್ಪ್ರಿಂಗೇ ಮತ್ತೆ ಕಾರಿನಲ್ಲಿದೆ. ಕಾಯಿಲ್‌ಓವರ್ ಟ್ರ್ಯಾಕ್‌ಗೆ ಹೋಗುವ ಗೆಳೆಯನ ಪಾಲಾಯಿತು. ಸ್ಪ್ಯಾನರ್ ಹಿಡಿಯುವ ಕೆಲಸವೇ ಅವನಿಗೆ ಖುಷಿ.