ಸೆಂಡರ್ ಖಾಲಿ ಇರುವ ಮೇಲ್ ಬ್ಲಾಕ್ ಮಾಡುವ ಮುನ್ನ ಇದನ್ನು ಓದಿ

ಮೇಲ್ ಸರ್ವರ್ ನೋಡಿಕೊಳ್ಳುವವರಿಗೆ ಒಂದು ಮಾತು. ಕಳಿಸಿದವರ ವಿಳಾಸ ಖಾಲಿ ಇರುವ ಮೇಲ್ ಎಲ್ಲ ತಡೆದುಬಿಡಿ, ಸ್ಪ್ಯಾಮ್ ಕಡಿಮೆಯಾಗುತ್ತದೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ.

ನಮ್ಮ ಆಫೀಸಿಗೆ ಮೇಲ್ ಸರ್ವರ್ ಸಾಫ್ಟ್‌ವೇರ್ ಆದ ಪೋಸ್ಟ್‌ಫಿಕ್ಸ್ ಹಾಕಿಕೊಟ್ಟವರು ಇದೇ ರೂಲ್ ಸೇರಿಸಿ ಹೋಗಿದ್ದರು. ಆಮೇಲೊಮ್ಮೆ ಸಪ್ಲೈಯರ್‌ಗೆ ಕಳಿಸಿದ ಪರ್ಚೇಸ್ ಆರ್ಡರ್ ತಲುಪಲೇ ಇಲ್ಲ. ಅವರ ಮೇಲ್‌ಬಾಕ್ಸ್ ತುಂಬಿತ್ತು. ನಮ್ಮ ಲಾಗ್‌ನಲ್ಲಿ ಮಾತ್ರ 'ಸೆಂಟ್' ಅಂತಲೇ ಇತ್ತು, ಮೇಲ್ ತಲುಪಲಿಲ್ಲ ಅಂತ ತಿಳಿಸುವ ಬೌನ್ಸ್ ಕೂಡ ಬರಲಿಲ್ಲ. ಅಕೌಂಟ್ಸ್ ಮೇಡಂ ಕಳಿಸೇ ಇಲ್ಲ ಅಂತ ಎಲ್ಲರೂ ಅವರ ಮೇಲೆ ಹರಿಹಾಯ್ದರು. ಪಾಪ, ಅವರು ಸರಿಯಾಗೇ ಕಳಿಸಿದ್ದರು. ಆ ಬೈಗುಳ ನೆನೆದರೆ ಈಗಲೂ ಬೇಜಾರಾಗುತ್ತದೆ.

ಲಾಗ್ ಕೆದಕಿದಾಗ ಈ ಸಾಲು ಸಿಕ್ಕಿತು: '554 5.7.1 <>: ಸೆಂಡರ್ ಅಡ್ರೆಸ್ ರಿಜೆಕ್ಟೆಡ್: ಆಕ್ಸೆಸ್ ಡಿನೈಡ್'. ಅವರ ಸರ್ವರ್ ಬೌನ್ಸ್ ಕಳಿಸಿತ್ತು. ಒಳಗೆ ಬಿಡದೆ ಅಟ್ಟಿದ್ದು ನಮ್ಮದೇ ಸರ್ವರ್.

ಆ ಖಾಲಿ <> ಇರುವುದು ಬೇಕಂತಲೇ. ಬೌನ್ಸ್‌ಗೆ ಮತ್ತೊಂದು ಬೌನ್ಸ್ ಹುಟ್ಟಿ, ಎರಡು ಸರ್ವರ್‌ಗಳು ಕೊನೆಯಿಲ್ಲದೆ ಮೇಲ್ ಕಳಿಸಿಕೊಳ್ಳುತ್ತಾ ಕೂರಬಾರದಲ್ವಾ? ಅದಕ್ಕೇ ಇಂಟರ್ನೆಟ್ ನಿಯಮಗಳ ದಾಖಲೆಯಾದ 1989ರ ಆರ್‌ಎಫ್‌ಸಿ 1123 ಖಾಲಿ ವಿಳಾಸವನ್ನು ಒಪ್ಪಿಕೊಳ್ಳಲೇಬೇಕು ಎಂದಿತು. 2008ರ ಆರ್‌ಎಫ್‌ಸಿ 5321ರ ಮಾತೂ ಅದೇ. ರೀಡ್ ರಿಸೀಟ್‌ಗಳೂ ಹೀಗೇ ಖಾಲಿ ವಿಳಾಸದಿಂದ ಬರುತ್ತವೆ.

ಈ ತೊಂದರೆ ಬೇಗ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಕೆಲವು ಬೌನ್ಸ್‌ಗಳು ಬರುತ್ತಲೇ ಇರುತ್ತವೆ. ಆ ಕಡೆಯ ಸರ್ವರ್ ಮೇಲನ್ನು ಆಗಲೇ ಬೇಡ ಅಂದರೆ, ಬೌನ್ಸ್ ಬರೆಯುವುದು ನಮ್ಮ ಸರ್ವರ್. ಅದಕ್ಕೆ ಈ ರೂಲ್ ತಾಗುವುದಿಲ್ಲ. ಮೊದಲು 250 ಓಕೆ (ಒಪ್ಪಿಗೆಯ ಕೋಡ್) ಅಂದು ಮೇಲ್ ತಗೊಂಡು, ಆಮೇಲೆ ತಲುಪಿಸಲಾಗದೆ ಅವರು ಕಳಿಸುವ ಬೌನ್ಸ್‌ಗಳಷ್ಟೇ ಕಾಣೆಯಾಗುತ್ತವೆ. ಖಾಲಿ ವಿಳಾಸದ ಮೇಲ್ ಆದ್ದರಿಂದ ಅದು ತಲುಪಲಿಲ್ಲ ಅಂತ ಮತ್ತೆ ಯಾರೂ ತಿಳಿಸುವುದೂ ಇಲ್ಲ.

ನಿಮ್ಮ ಸರ್ವರ್ ಇವತ್ತೇ ನೋಡಿ. ಹೊರಗಿನ ಮೆಷಿನ್‌ನಿಂದ 25ನೇ ಪೋರ್ಟ್‌ಗೆ ಟೆಲ್‌ನೆಟ್ ಮಾಡಿ 'ಮೇಲ್ ಫ್ರಂ:<>' ಕೊಡಿ. 250 ಬಂತು ಅಂತ ಅಲ್ಲೇ ನಿಲ್ಲಿಸಬೇಡಿ. ಪೋಸ್ಟ್‌ಫಿಕ್ಸ್ ಸಾಮಾನ್ಯವಾಗಿ 'ಆರ್‌ಸಿಪಿಟಿ ಟು' (ಯಾರಿಗೆ ಎಂಬ ವಿಳಾಸ) ಕೊಟ್ಟ ಮೇಲೇ ಬೇಡ ಅನ್ನುವುದು. ಅಲ್ಲಿ 554 ಬಂದರೆ ಸೆಂಡರ್ ಆಕ್ಸೆಸ್ ಟೇಬಲ್‌ನಲ್ಲಿ '<> ರಿಜೆಕ್ಟ್' ಸಾಲು ಹುಡುಕಿ ತೆಗೆಯಿರಿ, ಪೋಸ್ಟ್‌ಮ್ಯಾಪ್ ಓಡಿಸಿ ಟೇಬಲ್ ಹೊಸದಾಗಿ ಕಟ್ಟಲು ಮರೆಯಬೇಡಿ.

ನಿಮ್ಮ ವಿಳಾಸ ಹಾಕಿ ಬೇರೆ ಯಾರೋ ಕಳಿಸಿದ ಸ್ಪ್ಯಾಮ್‌ನ ಬೌನ್ಸ್‌ಗಳು ಜಾಸ್ತಿ ಬರುತ್ತಿದ್ದರೆ ಬಿಎಟಿವಿ ಎಂಬ ವಿಧಾನ ಇದೆ. ಅದು ಹೊರಹೋಗುವ ಮೇಲ್‌ನ ಸೆಂಡರ್ ವಿಳಾಸಕ್ಕೆ ಗುರುತು ಹಾಕುತ್ತದೆ. ಗುರುತಿಲ್ಲದ ಬೌನ್ಸ್ ಬಂದರೆ ಅದನ್ನಷ್ಟೇ ತಡೆಯಬಹುದು.