ಪ್ಲಾಪ್ ಅಥವಾ ಹೈಜೆನ್: ಹೋಮ್‌ಸ್ಟೇ ಸೈಟಿನ ಕೆಲಸಕ್ಕೆ ಯಾವುದು?

ಮಡಿಕೇರಿ ಸುತ್ತಮುತ್ತಲ ಹೋಮ್‌ಸ್ಟೇಗಳ ಸೈಟು ಕಟ್ಟುವಾಗ ಬರೆಯುವುದೆಲ್ಲ ಒಂದೇ ನಮೂನೆ: ರೂಮಿಗೊಂದು ಕಾಂಪೊನೆಂಟ್ (ಪುಟದ ತುಣುಕು), ಅದಕ್ಕೊಂದು ಸ್ಟೈಲ್ ಫೈಲ್, ಯಾವ ವಿಳಾಸಕ್ಕೆ ಯಾವ ಪುಟ ಎಂದು ಹೇಳುವ ರೂಟ್ಸ್ ಫೈಲಿನಲ್ಲಿ ಒಂದು ಸಾಲು. ಈ ಮೂರನ್ನೂ ಒಂದೇ ಕಮಾಂಡಿನಲ್ಲಿ ಹುಟ್ಟಿಸಲು ಪ್ಲಾಪ್, ಹೈಜೆನ್ ಎಂಬ ಎರಡು ಕೋಡ್ ಜನರೇಟರ್‌ಗಳನ್ನೂ (ಟೆಂಪ್ಲೇಟ್ ಎಂಬ ಅಚ್ಚಿನಿಂದ ಫೈಲ್ ಬರೆದುಕೊಡುವ ಟೂಲ್) ಒಂದೇ ರಿಯಾಕ್ಟ್ ಪ್ರಾಜೆಕ್ಟಿನಲ್ಲಿ ಓಡಿಸಿ ನೋಡಿದ್ದೇವೆ. ಹೊಸ ಫೈಲ್ ಹುಟ್ಟಿಸುವುದರಲ್ಲಿ ಎರಡೂ ಸಮ. ಇರುವ ಫೈಲಿಗೆ ಸಾಲು ಸೇರಿಸುವಾಗ ಬೇರೆ ಬೇರೆ ಬಣ್ಣ ಕಾಣುತ್ತದೆ.

ಇನ್‌ಸ್ಟಾಲ್ ಹೈಜೆನ್‌ನದ್ದೇ ಸುಲಭ. ಜಾವಾಸ್ಕ್ರಿಪ್ಟ್ ಪ್ಯಾಕೇಜ್ ತರುವ ಎನ್‌ಪಿಎಂನಿಂದ ಗ್ಲೋಬಲ್ ಆಗಿ ಹಾಕಿ, ಪ್ರಾಜೆಕ್ಟಿನೊಳಗೆ ‘ಹೈಜೆನ್ ಇನಿಟ್ ಸೆಲ್ಫ್’ ಕೊಟ್ಟರೆ ಅಂಡರ್‌ಸ್ಕೋರ್ ಟೆಂಪ್ಲೇಟ್ಸ್ ಎಂಬ ಫೋಲ್ಡರ್ ಬರುತ್ತದೆ. ಬೇರೆ ಕಾನ್ಫಿಗ್ ಫೈಲೇ ಬೇಡ. ಪ್ಲಾಪ್ ಅನ್ನು ಡೆವ್ ಡಿಪೆಂಡೆನ್ಸಿಯಾಗಿ ಹಾಕಿ, ಪ್ರಾಜೆಕ್ಟಿನ ರೂಟ್ ಫೋಲ್ಡರಿನಲ್ಲಿ ಪ್ಲಾಪ್‌ಫೈಲ್ ಎಂಬ ಕಾನ್ಫಿಗ್ ಫೈಲ್ ಬರೆಯಬೇಕು. ಪ್ಯಾಕೇಜ್ ಜೇಸನ್‌ನಲ್ಲಿ ಟೈಪ್ ‘ಮಾಡ್ಯೂಲ್’ ಎಂದಿದ್ದು, ಹಳೆ ಮಾದರಿಯ ‘ಮಾಡ್ಯೂಲ್ ಡಾಟ್ ಎಕ್ಸ್‌ಪೋರ್ಟ್ಸ್’ ಅಂಟಿಸಿದರೆ ಎರರ್ ಖಚಿತ. ‘ಎಕ್ಸ್‌ಪೋರ್ಟ್ ಡಿಫಾಲ್ಟ್’ ಮಾಡಿ, ಇಲ್ಲವೇ ಫೈಲಿನ ಬಾಲ (ಎಕ್ಸ್‌ಟೆನ್ಷನ್) ಸಿಜೆಎಸ್ ಎಂದು ಬದಲಿಸಿ. ಯಾವುದೇ ಆದರೂ ಇನ್‌ಸ್ಟಾಲ್ ಮಾಡದೆ, ಪ್ಯಾಕೇಜನ್ನು ನೇರವಾಗಿ ಓಡಿಸುವ ಎನ್‌ಪಿಎಕ್ಸ್ ಕಮಾಂಡ್ ನಂಬಿ ಕೂರಬೇಡಿ. ಕ್ಯಾಶ್‌ನಲ್ಲಿ ಇಲ್ಲದಿದ್ದರೆ ಅದು ನೆಟ್‌ನಿಂದ ಎಳೆಯುತ್ತದೆ, ಜುಲೈ ಮಳೆಯಲ್ಲಿ ನೆಟ್ ಎಲ್ಲಿಂದ ತರೋದು?

ಪ್ಲಾಪ್‌ನ ಟೆಂಪ್ಲೇಟ್ ಭಾಷೆ ಹ್ಯಾಂಡಲ್‌ಬಾರ್ಸ್. ರಿಯಾಕ್ಟ್‌ನ ಇನ್‌ಲೈನ್ ಸ್ಟೈಲಿನಲ್ಲೂ ಜೋಡಿ ಪುಷ್ಪಾವರಣ ({{) ಇರುವುದರಿಂದ ಹ್ಯಾಂಡಲ್‌ಬಾರ್ಸ್ ಅದನ್ನು ತನ್ನದೆಂದೇ ತಿಳಿದು ಗಂಟುಬೀಳುತ್ತದೆ. ಮುಂದೆ ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿದರೆ ಸುಮ್ಮನಾಗುತ್ತದೆ. ಹೈಜೆನ್‌ನ ಟೆಂಪ್ಲೇಟ್ ಭಾಷೆ ಇಜೆಎಸ್‌ಗೆ ಈ ರಗಳೆ ಇಲ್ಲ. ಅಲ್ಲಿ ಫೈಲ್ ಎಲ್ಲಿಗೆ ಹೋಗಬೇಕೆಂಬುದು ಟೆಂಪ್ಲೇಟಿನ ತಲೆಯಲ್ಲೇ ‘ಟು’ ಸಾಲಿನಲ್ಲಿ ಇರುತ್ತದೆ. ಓದಲು ಇದೇ ಚೆಂದ.

ಈಗ ರೂಟ್ಸ್ ಫೈಲ್. ಹೈಜೆನ್‌ನಲ್ಲಿ ‘ಇಂಜೆಕ್ಟ್ ಟ್ರೂ’, ಜೊತೆಗೆ ‘ಆಫ್ಟರ್’ ಬರೆದರೆ ಗುರುತಿನ ಸಾಲಿನ ಕೆಳಗೆ ಹೊಸ ಸಾಲು ಕೂರುತ್ತದೆ. ‘ಸ್ಕಿಪ್ ಇಫ್’ ಬರೆಯದಿದ್ದರೆ ಕಮಾಂಡ್ ಇನ್ನೊಮ್ಮೆ ಕೊಟ್ಟಾಗ ಅದೇ ರೂಮು ಎರಡು ಸಲ ನಮೂದಾಗುತ್ತದೆ. ಪ್ಲಾಪ್‌ನ ‘ಅಪೆಂಡ್’ನಲ್ಲಿ ‘ಯೂನೀಕ್’ ತಾನಾಗಿಯೇ ಆನ್ ಇರುತ್ತದೆ, ಒಂದೇ ಸಾಲು ಎರಡು ಸಲ ನಿಲ್ಲುವುದಿಲ್ಲ. ನಾಲ್ಕು ಜನ ಮುಟ್ಟುವ ಪ್ರಾಜೆಕ್ಟಿಗೆ ಪ್ಲಾಪ್ ಎನ್ನುವುದು ಇದಕ್ಕೇ. ಒಬ್ಬರೇ ಮಾಡುವ ಸೈಟಿಗೆ ಹೈಜೆನ್ ಸಾಕು.

ಎರಡರಲ್ಲೂ ಕಾಡುವ ತೊಂದರೆ ಕನ್ನಡದ ಹೆಸರು. ‘ಕಾಫಿ ತೋಟದ ಮನೆ’ ಎಂದು ಕೊಟ್ಟು ಫೈಲ್ ಹೆಸರಾಗಿ ಬದಲಿಸಲು ಹೇಳಿದರೆ, ಕೇಸ್ (ದೊಡ್ಡ, ಸಣ್ಣ ಅಕ್ಷರ) ಬದಲಿಸುವ ಹೆಲ್ಪರ್ ಎಂಬ ಫಂಕ್ಷನ್ ಅಕ್ಷರಗಳನ್ನೇ ನುಂಗಬಹುದು, ಇಲ್ಲವೇ ಕಾಗುಣಿತ ಉದುರಿಸಬಹುದು. ಜನರೇಟರ್ ಕೇಳುವಂತೆ ಎರಡು ಪ್ರಶ್ನೆ ಇಡಿ: ಫೈಲಿಗೆ ಇಂಗ್ಲಿಷ್ ಸ್ಲಗ್ (ಚಿಕ್ಕ ಹೆಸರು), ಪುಟದ ಮೇಲೆ ಕಾಣಲು ಕನ್ನಡ ಹೆಸರು. ಕನ್ನಡದ್ದನ್ನು ಯಾವ ಹೆಲ್ಪರ್‌ಗೂ ಕೊಡದೆ ಹಾಗೇ ಅಚ್ಚಾಗಲು ಬಿಡಿ.

ಅದೇ ಹೆಸರಿನ ಫೈಲ್ ಮೊದಲೇ ಇದ್ದರೆ ಪ್ಲಾಪ್ ಎರರ್ ಕೊಟ್ಟು ನಿಲ್ಲುತ್ತದೆ, ಹೈಜೆನ್ ‘ಬದಲಿಸಲೇ?’ ಎಂದು ಕೇಳುತ್ತದೆ. ಅವಸರದಲ್ಲಿ ವೈ ಒತ್ತುವ ಮುಂಚೆ ಗಿಟ್‌ಗೆ ಕಮಿಟ್ ಆಗಿದೆಯೇ ನೋಡಿಕೊಳ್ಳಿ.