ಹಳೇ ಅಂಬಾಸಿಡರ್‌ಗೆ ಕೋನ್ ಫಿಲ್ಟರ್ ಬಿಗಿಯುವ ಮೊದಲು ಕಾರ್ಬುರೇಟರಿನ ಬಾಯಿಯ ಸಣ್ಣ ತೂತುಗಳನ್ನು ನೋಡಿ

ಎಸ್‌ಯು ಕಂಪೆನಿಯ ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ ಹಳೇ ಅಂಬಾಸಿಡರ್ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ. ಆನ್‌ಲೈನ್‌ನಲ್ಲಿ ಸಿಗುವ ಕೋನ್ ಫಿಲ್ಟರನ್ನು (ಕೋನ್ ಆಕಾರದ ಏರ್ ಫಿಲ್ಟರ್), ಅದನ್ನು ಕಾರ್ಬುರೇಟರಿಗೆ ಕೂರಿಸಲು ಜೊತೆಗೆ ಬರುವ ಅಡಾಪ್ಟರ್ ಪ್ಲೇಟ್ ಸಮೇತ, ಬಂದ ಹಾಗೆಯೇ ಬಿಗಿಯಬೇಡಿ. ಉಡುಪಿಯ ಒಂದು ಮಾರ್ಕ್ 2 ಗಾಡಿಗೆ ಹೀಗೆ ಬಿಗಿದ ಮೇಲೆ ಒಂದೇ ಮಳೆಗಾಲದಲ್ಲಿ ಎಂಜಿನ್ ಆಯಿಲಿಗೆ ಪೆಟ್ರೋಲ್ ಸೇರಿತು, ಹಿಂದಿನಿಂದ ಆಯಿಲ್ ಸೋರಿ ಕ್ಲಚ್ ಪ್ಲೇಟ್ ನೆನೆಯಿತು. ಕೊನೆಗೆ ಕ್ಲಚ್ ಬಿಚ್ಚಬೇಕಾಯಿತು. ಫಿಲ್ಟರಿಗೆ ಕೊಟ್ಟದ್ದರ ಎಷ್ಟೋ ಪಟ್ಟು ಖರ್ಚು ಆ ರಿಪೇರಿಗೆ ಬಂತು. ಇಷ್ಟಕ್ಕೂ ಮೂಲ ಎರಡೇ: ಪ್ಲೇಟಿನ ಅಡಿಯಲ್ಲಿ ಮುಚ್ಚಿಹೋದ ಸಣ್ಣ ತೂತುಗಳು, ಬೋಲ್ಟ್ ತುರುಕಿ ಮುಚ್ಚಿದ ಒಂದು ರಬ್ಬರ್ ಪೈಪು.

ಫಿಲ್ಟರ್ ಹಾಕಿದ ದಿನ ಗಾಡಿ ಚೆನ್ನಾಗಿಯೇ ಇತ್ತು. ಸ್ಲೋ ಸ್ಪೀಡಿನಲ್ಲಿ (ಗಾಡಿ ನಿಂತಾಗ) ಎಂಜಿನ್ ಸಮನಾಗಿ ಓಡುತ್ತಿತ್ತು, ಪೇಟೆಯೊಳಗೆ ಎರಡನೇ ಮೂರನೇ ಗೇರಿನಲ್ಲಿ ತೊಂದರೆ ಇರಲಿಲ್ಲ. ಇಂದ್ರಾಳಿ ದಾಟಿ ಮಣಿಪಾಲದ ಏರು ಹತ್ತುವಾಗ ಗೊತ್ತಾಯಿತು: ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದರೂ ಎಳೆತವಿಲ್ಲ, ಹಿಂದೆ ಕಪ್ಪು ಹೊಗೆ. ಗ್ಯಾರೇಜಿನಲ್ಲಿ ಸಿಕ್ಕಿದ ಉತ್ತರ, "ಪೆಟ್ರೋಲ್ ಸಾಕಾಗುದಿಲ್ಲ ಮಾರಾಯ್ರೆ, ಜೆಟ್ ಸ್ವಲ್ಪ ಇಳಿಸುವ." ಜೆಟ್ ಅಂದರೆ ಪೆಟ್ರೋಲ್ ಬರುವ ಸಣ್ಣ ನಳಿಗೆ, ಅದು ಇಳಿದರೆ ಪೆಟ್ರೋಲ್ ಹೆಚ್ಚುತ್ತದೆ. ಅದರ ಆರು ಮುಖದ ನಟ್ಟನ್ನು ಎರಡು ಮುಖ ಕೆಳಗೆ ತಿರುಗಿಸಿದರು. ಮುಂದಿನ ವಾರ ಇನ್ನೆರಡು ಮುಖ. ಆಮೇಲೆ ಪ್ಲಗ್ ಬದಲಾಯಿತು, ಪಾಯಿಂಟ್ ಬದಲಾಯಿತು, ಕಂಡೆನ್ಸರ್ ಬದಲಾಯಿತು, ಪೆಟ್ರೋಲ್ ಪಂಪ್ ಬಿಚ್ಚಿದರು. ಫಿಲ್ಟರ್ ಹೊಸದಲ್ಲವೇ ಎಂದು ಅದನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಎಸ್‌ಯು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ತಪ್ಪು ಎಲ್ಲಿ ಆಯಿತೆಂದು ತಾನಾಗಿಯೇ ಕಾಣುತ್ತದೆ. ಇದರ ಒಳಗೆ ಒಂದು ಪಿಸ್ಟನ್ ಇದೆ, ಅದರ ಮೇಲ್ಭಾಗದಲ್ಲಿ ಅಗಲವಾದ ತಟ್ಟೆ. ಎಂಜಿನ್ ಎಳೆಯುವ ಸಕ್ಷನ್, ಪಿಸ್ಟನ್ನಿನಲ್ಲೇ ಇರುವ ತೂತುಗಳ ಮೂಲಕ ತಟ್ಟೆಯ ಮೇಲಿನ ಕೋಣೆಗೆ ಹೋಗುತ್ತದೆ. ತಟ್ಟೆಯ ಅಡಿಗೆ ಹೊರಗಿನ ಗಾಳಿಯ ಒತ್ತಡ ಸಿಗಬೇಕು. ಮೇಲೆ ಸಕ್ಷನ್, ಕೆಳಗೆ ಹೊರಗಿನ ಒತ್ತಡ, ಇವೆರಡರ ವ್ಯತ್ಯಾಸದಿಂದಲೇ ಪಿಸ್ಟನ್ ಏಳುವುದು. ಅದು ಎದ್ದಂತೆ ಗಾಳಿಯ ದಾರಿ ಅಗಲವಾಗುತ್ತದೆ, ಅದಕ್ಕೆ ಕಚ್ಚಿಕೊಂಡ ಸೂಜಿ ಜೆಟ್ಟಿನಿಂದ ಮೇಲೆ ಬಂದು ಪೆಟ್ರೋಲೂ ಹೆಚ್ಚುತ್ತದೆ. ತಟ್ಟೆಯ ಅಡಿಗೆ ಆ ಗಾಳಿ ಬರುವುದು ಕಾರ್ಬುರೇಟರಿನ ಬಾಯಿಯ ಚಪ್ಪಟೆ ಮುಖದಲ್ಲಿ, ಬೋಲ್ಟ್ ತೂತುಗಳಲ್ಲದೆ ಬೇರೆಯಾಗಿ ಕೊರೆದ ಸಣ್ಣ ತೂತುಗಳಿಂದ. ನೋಡಿದರೆ ಯಾವುದೋ ಬೇಡದ ತೂತಿನ ಹಾಗೆ ಕಾಣುತ್ತವೆ.

ಆ ಗಾಡಿಗೆ ಬಂದ ಪ್ಲೇಟು 6 ಮಿ.ಮೀ. ದಪ್ಪದ ಅಲ್ಯೂಮಿನಿಯಂ. ನಡುವೆ ಗಾಳಿಯ ದೊಡ್ಡ ತೂತು, ಬದಿಗೆ ಬೋಲ್ಟಿನ ಎರಡು ತೂತು, ಮುಗಿಯಿತು. ಬಿಗಿದಾಗ ಗಾಳಿಯ ಸಣ್ಣ ತೂತುಗಳೆಲ್ಲ ಅದರ ಅಡಿಗೆ ಸೇರಿದವು. ಪಿಸ್ಟನ್ ಸ್ವಲ್ಪ ಎದ್ದು ಅಲ್ಲೇ ನಿಂತಿತು. ಸ್ಲೋ ಸ್ಪೀಡಿಗೆ ಅಷ್ಟು ಸಾಕು, ಆದ್ದರಿಂದ ಅಲ್ಲಿ ತೊಂದರೆ ಕಾಣಲಿಲ್ಲ. ಥ್ರಾಟಲ್ ಪೂರ್ತಿ ತೆರೆದಾಗ ಮಾತ್ರ, ಕಿರಿದಾದ ಆ ಸಂದಿಯಲ್ಲಿ ಸಕ್ಷನ್ ವಿಪರೀತ ಏರಿ ಪೆಟ್ರೋಲ್ ಜಾಸ್ತಿ ಎಳೆದುಕೊಂಡಿತು, ಗಾಳಿ ಕಡಿಮೆಯಾಯಿತು. ಅಂದರೆ ಗಾಳಿ-ಪೆಟ್ರೋಲಿನ ಮಿಕ್ಸ್ಚರ್ ಆಗಲೇ ರಿಚ್ (ಪೆಟ್ರೋಲ್ ಜಾಸ್ತಿ) ಇತ್ತು. ಅದರ ಮೇಲೆ ಜೆಟ್ ಇಳಿಸಿದ್ದು ಇನ್ನಷ್ಟು ರಿಚ್ ಮಾಡಿತು. ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಕೊಂಡು ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ, ಅಂದರೆ ಸಂಪಿಗೆ, ಇಳಿಯಿತು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಕಡಿಮೆಯಾಗುವ ಬದಲು ಏರುತ್ತಿತ್ತು, ಮೂಗಿಗೆ ಹಿಡಿದರೆ ಪೆಟ್ರೋಲ್ ವಾಸನೆ. ಡಿಪ್‌ಸ್ಟಿಕ್ ಹೀಗೆ ಕಂಡರೆ ಆ ಗಾಡಿಯನ್ನು ಒಂದು ಕಿಲೋಮೀಟರ್ ಕೂಡ ಓಡಿಸಬಾರದು. ತೆಳುವಾದ ಆಯಿಲಿನಲ್ಲಿ ಬೇರಿಂಗ್ ಉಳಿಯುವುದಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ಮೋಸದ್ದು, ಏಕೆಂದರೆ ಅದರಲ್ಲಿ ಗಾಡಿ ತಿಂಗಳುಗಟ್ಟಲೆ ಚೆನ್ನಾಗಿ ಓಡುತ್ತದೆ. ಕೆಲವು ಪ್ಲೇಟುಗಳಲ್ಲಿ ಸಣ್ಣ ತೂತುಗಳಿಗೆ ದಾರಿ ಇರುತ್ತದೆ, ಆದರೆ ಅದು ತೆರೆಯುವುದು ಫಿಲ್ಟರಿನ ರಬ್ಬರ್ ಕತ್ತಿನ ಹೊರಗೆ. ಹಾಗಾದಾಗ ಪಿಸ್ಟನ್ ಸರಿಯಾಗಿಯೇ ಏಳುತ್ತದೆ, ಆದರೆ ತಟ್ಟೆಯ ಅಡಿಗೆ ಹೋಗುವ ಗಾಳಿ ಸೋಸಿದ ಗಾಳಿಯಲ್ಲ. ನಮ್ಮ ಊರಿನ ಧೂಳು ಯಾವುದೆಂದು ಬಲ್ಲಿರಿ. ಮುರಕಲ್ಲಿನ ಕೆಂಪು ಪುಡಿ ಆಯಿಲಿನ ಪಸೆ ಸಿಕ್ಕಲ್ಲಿ ಲೇಪದಂತೆ ಕೂರುತ್ತದೆ. ಎಸ್‌ಯು ಪಿಸ್ಟನ್‌ಗೂ ಅದರ ಮೇಲಿನ ಗುಮ್ಮಟಕ್ಕೂ ನಡುವಿನ ಸಂದಿ ತೀರಾ ಕಡಿಮೆ, ಒಂದು ತೆಳು ಲೇಪ ಸಾಕು ಪಿಸ್ಟನ್ ಹಿಡಿಯಲು. ಪಣಂಬೂರು, ಸುರತ್ಕಲ್, ಮಲ್ಪೆ ಕಡೆ ಕಡಲ ಉಪ್ಪುಗಾಳಿಯೂ ಇದರ ಜೊತೆ ಸೇರುತ್ತದೆ.

ಹಾಗಾಗಿ ಬಿಗಿಯುವ ಮೊದಲು ಮಾಡಬೇಕಾದ ಪರೀಕ್ಷೆ ಇದು. ಕುಂಕುಮಕ್ಕೆ ಒಂದೆರಡು ಹನಿ ಎಣ್ಣೆ ಹಾಕಿ ಕಲಸಿ, ಕಾರ್ಬುರೇಟರಿನ ಚಪ್ಪಟೆ ಮುಖಕ್ಕೆ ಬೆರಳಲ್ಲಿ ತೆಳ್ಳಗೆ ಸವರಿ. ಬಾಯಿಯೊಳಗೆ ಬೀಳದಂತೆ ಚಿಂದಿ ತುರುಕಿಟ್ಟುಕೊಳ್ಳಿ. ಪ್ಲೇಟನ್ನು ಬೋಲ್ಟ್ ತೂತಿಗೆ ಸರಿಯಾಗಿ ಹೊಂದಿಸಿ ಒತ್ತಿ ತೆಗೆಯಿರಿ. ಪ್ಲೇಟಿನ ಮೇಲೆ ಕೆಂಪು ಹತ್ತಿದ ಜಾಗದ ನಡುವೆ ಬಣ್ಣವಿಲ್ಲದ ಸಣ್ಣ ವೃತ್ತಗಳು ಉಳಿಯುತ್ತವೆ. ಗಾಳಿ ತೂತುಗಳು ಬರುವುದು ಅಲ್ಲೇ. ಈಗ ಫಿಲ್ಟರಿನ ಕತ್ತನ್ನು ಪ್ಲೇಟಿಗೆ ಏರಿಸಿ ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆಯಿರಿ. ವೃತ್ತಗಳು ಗೆರೆಯ ಒಳಗಿದ್ದರೆ ಕಾರ್ಬುರೇಟರಿನ ತೂತಿಗಿಂತ ಸಣ್ಣದಾಗದಂತೆ ಡ್ರಿಲ್ ಮಾಡಿ, ಅಂಚಿನ ಬರ್ ತೆಗೆದು ಬಳಸಬಹುದು. ಗೆರೆಯ ಹೊರಗೆ ಬಿದ್ದರೆ ಆ ಪ್ಲೇಟ್ ನಿಮ್ಮ ಗಾಡಿಯದ್ದಲ್ಲ, ವಾಪಸ್ ಕಳಿಸಿ. ಲೇತ್‌ನವರ ಹತ್ತಿರ ಒಳಮುಖಕ್ಕೆ ಕಾಲುವೆ ತೋಡಿಸಿ ಗಾಳಿಯನ್ನು ನಡುವಿನ ತೂತಿಗೆ ತರಬಹುದು, ಆದರೆ ಅಷ್ಟು ಕಷ್ಟಪಡುವ ಬದಲು ಅಗಲ ತಳದ ಫಿಲ್ಟರೇ ಮೇಲು.

ಪ್ಲೇಟಿಗೂ ಕಾರ್ಬುರೇಟರಿಗೂ ನಡುವೆ ಕೂರುವ ಪ್ಯಾಕಿಂಗ್ ಕತ್ತರಿಸುವಾಗಲೂ ಇದೇ ಲೆಕ್ಕ. ಪ್ಲೇಟ್ ಸರಿಯಿದ್ದು ಪ್ಯಾಕಿಂಗ್ ತಲೆಕೆಳಗಾದರೂ ತೂತು ಮುಚ್ಚುತ್ತದೆ. ನೋಡಲು ಎರಡೂ ಕಡೆ ಒಂದೇ ಥರ ಇರುವುದರಿಂದ ಇದು ತುಂಬ ಸಲ ಆಗುವ ತಪ್ಪು. 1 ಮಿ.ಮೀ. ಪ್ಯಾಕಿಂಗ್ ಶೀಟಿನಲ್ಲಿ ತೂತುಗಳನ್ನೆಲ್ಲ ಪಂಚ್ ಮಾಡಿ, ಮೇಲ್ಮುಖಕ್ಕೆ ಪೆನ್ನಿನಲ್ಲಿ ಗುರುತು ಹಾಕಿ. ಸಿಲಿಕೋನ್ ಪೇಸ್ಟ್ ಬೇಡವೇ ಬೇಡ. ಅದು ಪೆಟ್ರೋಲಿಗೆ ಉಬ್ಬಿ ಎಳೆಎಳೆಯಾಗಿ ಕಿತ್ತು ಒಳಗೆ ಹೋಗುತ್ತದೆ. ಬೋಲ್ಟಿನ ಬಗ್ಗೆ ಒಂದು ಮಾತು: ಅಂಬಾಸಿಡರ್ ಇಂಚಿನ ಲೆಕ್ಕದ ಗಾಡಿ. 5/16 ಇಂಚು ಅಂದರೆ 7.94 ಮಿ.ಮೀ., ಹಾಗಾಗಿ ಕಿಟ್ಟಿನಲ್ಲಿ ಬಂದ 8 ಮಿ.ಮೀ. ಬೋಲ್ಟ್ ಮೊದಲ ಒಂದೆರಡು ಸುತ್ತು ಹೋದ ಹಾಗೆ ಅನಿಸುತ್ತದೆ, ಆಮೇಲೆ ಕಾರ್ಬುರೇಟರಿನ ಮೆತ್ತಗಿನ ಅಲ್ಯೂಮಿನಿಯಂ ತ್ರೆಡ್ಡನ್ನು ಹರಿಯುತ್ತದೆ. ಕೈಬೆರಳಲ್ಲಿ ಪೂರ್ತಿ ಹೋಗದ ಬೋಲ್ಟಿಗೆ ಸ್ಪಾನರ್ ಹಾಕಬೇಡಿ.

ಇನ್ನು ರಬ್ಬರ್ ಪೈಪು. ಈ 1489 ಸಿಸಿ ಎಂಜಿನ್ನಿನಲ್ಲಿ ತಲೆಯ ಮೇಲಿನ ಟ್ಯಾಪೆಟ್ ಕವರಿನಿಂದ, ಒಳಗಿನ ಗಾಳಿ ಹೊರಬಿಡುವ ಒಂದು ಬ್ರೀದರ್ ಪೈಪ್ ಏರ್ ಕ್ಲೀನರಿಗೆ ಬರುತ್ತದೆ. ಕೋನ್ ಫಿಲ್ಟರಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಆ ಗಾಡಿಯಲ್ಲಿ ಪೈಪಿನ ಬಾಯಿಗೆ ಒಂದು ಬೋಲ್ಟ್ ತುರುಕಿ ಕ್ಲಿಪ್ ಹಾಕಿದ್ದರು. ಬ್ಲಾಕಿನ ಪಕ್ಕದಿಂದ ಕೆಳಗಿಳಿಯುವ ಇನ್ನೊಂದು ಬ್ರೀದರ್ ಪೈಪು ವರ್ಷಗಳ ಕಪ್ಪು ಮಡ್ಡಿಯಿಂದ ಮೊದಲೇ ಅರ್ಧ ಕಟ್ಟಿತ್ತು. ಎಂಜಿನ್ ಪಿಸ್ಟನ್ನಿನ ರಿಂಗ್ ದಾಟಿ ಬರುವ ಗಾಳಿಗೆ ಹೊರಹೋಗುವ ದಾರಿ ಇಲ್ಲದೆ ಸಂಪಿನೊಳಗೆ ಒತ್ತಡ ಏರಿತು. ಈ ಹಳೇ ಎಂಜಿನ್ನಿನ ಹಿಂಭಾಗದಲ್ಲಿ ಈಗಿನ ಗಾಡಿಗಳ ಥರ ರಬ್ಬರ್ ಆಯಿಲ್ ಸೀಲ್ ಇಲ್ಲ. ಕ್ರ್ಯಾಂಕಿನ ಮೇಲೆ ಕೊರೆದ ತಿರುಪಿನ ಕಾಲುವೆ ಆಯಿಲನ್ನು ಒಳಕ್ಕೆ ತಿರುಗಿಸುತ್ತದೆ, ಅಷ್ಟೆ. ಒಳಗಿನ ಒತ್ತಡ ಏರಿದರೆ ಆ ಕಾಲುವೆ ಸೋಲುತ್ತದೆ, ಆಯಿಲ್ ನೇರ ಕ್ಲಚ್ಚಿನ ಕಡೆ ಹೋಗುತ್ತದೆ. ಇಲ್ಲಿ ಆದದ್ದೂ ಅದೇ.

ಮಳೆಗಾಲದಲ್ಲಿ ಇದರ ಸುಳಿವು ಬೇಗ ಸಿಗುತ್ತದೆ. ಆಯಿಲ್ ತುಂಬುವ ಮುಚ್ಚಳ ತಿರುವಿ ನೋಡಿ. ಒಳಗೆ ಗಾಳಿಯಾಡದಿದ್ದರೆ ಜೂನ್, ಜುಲೈಯಲ್ಲಿ ಮುಚ್ಚಳದ ಅಡಿ ಬೆಣ್ಣೆಯಂಥ ಬಿಳಿ ಕೂತಿರುತ್ತದೆ, ತೇವವೂ ಆಯಿಲೂ ಕಡೆದುಕೊಂಡದ್ದು. ಹೆಡ್ ಪ್ಯಾಕಿಂಗ್ ಹೋಗಿದೆ ಎಂದು ಎಂಜಿನ್ ಬಿಚ್ಚುವ ಮೊದಲು ಬ್ರೀದರ್ ನೋಡಿ. ಕೋನ್ ಫಿಲ್ಟರೇ ಬೇಕೆಂದಿದ್ದರೆ, ಪ್ಲೇಟಿಗೂ ಫಿಲ್ಟರಿಗೂ ನಡುವೆ ಗಿಡ್ಡ ಪೈಪ್ ಹಾಕಿ, ಬ್ರೀದರಿಗೆ ಅದರಲ್ಲಿ ಒಂದು ನಿಪ್ಪಲ್ ಬೆಸೆಸಿ. ತೆರೆದು ಬಿಟ್ಟರೆ ಧೂಳು ಒಳಗೆ, ಮುಚ್ಚಿದರೆ ಆಯಿಲ್ ಹೊರಗೆ.

ಫಿಲ್ಟರಿನ ವಸ್ತುವಿನ ಬಗ್ಗೆಯೂ ಹೇಳಲೇಬೇಕು. ಅಗ್ಗದ ಸ್ಪಂಜಿನ ಫಿಲ್ಟರ್ ಕರಾವಳಿಗೆ ಆಗಿಬರುವುದಿಲ್ಲ. ಆ ಜಾತಿಯ ಕೆಲವು ಫೋಮ್‌ಗಳು ತೇವಕ್ಕೇ ಕೊಳೆಯುತ್ತವೆ, ಜೊತೆಗೆ ಪೆಟ್ರೋಲ್ ಆವಿ, ಎಂಜಿನ್ ಬಿಸಿ. ಹಿಡಿದು ಹಿಂಡಿದರೆ ಕೈಗೆ ಹಳೇ ರಸ್ಕಿನ ಪುಡಿಯಂತೆ ಉದುರುತ್ತದೆ. ಆ ಪುಡಿ ಹೋಗುವುದು ಎಂಜಿನ್ನಿನೊಳಗೇ. ಬೆಂಕಿಯ ಭಯವೂ ಇದೆ. ಅಂಬಾಸಿಡರಿನಲ್ಲಿ ಕಾರ್ಬುರೇಟರೂ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಒಂದೇ ಬದಿಗೆ, ಕಾರ್ಬುರೇಟರಿನ ಕೆಳಗೇ ಕಾದ ಮ್ಯಾನಿಫೋಲ್ಡ್. ಫ್ಲೋಟ್ ಕೋಣೆಯ ನೀಡಲ್ ಸಿಕ್ಕಿಕೊಂಡು ಪೆಟ್ರೋಲ್ ಉಕ್ಕಿದರೆ ಸ್ಪಂಜು ಅದನ್ನು ಕುಡಿದು ಕೂರುತ್ತದೆ. ಆಗ ಕಾರ್ಬುರೇಟರ್ ಹಿಂದಕ್ಕೆ ಒಂದು ಸಲ ಬೆಂಕಿ ಉಗುಳಿದರೆ ಮುಗಿಯಿತು. ಹಳೇ ತಗಡಿನ ಏರ್ ಕ್ಲೀನರ್ ಈ ಬೆಂಕಿಯನ್ನೂ ತಡೆಯುತ್ತಿತ್ತು. ಎಣ್ಣೆ ಹಚ್ಚಿದ ಹತ್ತಿಬಟ್ಟೆಯ ಫಿಲ್ಟರ್ ಸ್ಪಂಜಿಗಿಂತ ವಾಸಿ, ಆದರೆ ಎಣ್ಣೆ ತೊಟ್ಟಿಕ್ಕುವಷ್ಟು ಸುರಿಯಬಾರದು. ಕಾಗದದ್ದು ಮಳೆನೀರು ತಾಗಿದರೆ ಉಬ್ಬಿ ಗಾಳಿ ಬಿಡುವುದಿಲ್ಲ. ಗಾತ್ರದಲ್ಲೂ ಜಿಪುಣತನ ಬೇಡ: ಈ ಎಂಜಿನ್ 4000 ಆರ್‌ಪಿಎಮ್‌ನಲ್ಲಿ ನಿಮಿಷಕ್ಕೆ ಸುಮಾರು 2,400 ಲೀಟರ್ ಗಾಳಿ ಎಳೆಯುತ್ತದೆ, ಬೈಕಿನ ಫಿಲ್ಟರ್ ಅದಕ್ಕೆ ಸಾಲದು.

ಹಾಕಿದ ಮೇಲೆ ಟ್ಯೂನಿಂಗ್ ಮೊದಲಿನಿಂದ ಮಾಡಿ, ಹಳೇ ಸೆಟ್ಟಿಂಗ್ ನಂಬಬೇಡಿ. ಗುಮ್ಮಟದ ಮೇಲಿನ ಡ್ಯಾಂಪರ್ (ಮುಚ್ಚಳಕ್ಕೆ ಸೇರಿದ ಕಡ್ಡಿ) ಬಿಚ್ಚಿ ಎಸ್‌ಎಇ 20 ಆಯಿಲ್ ಹಾಕಿ. ಡ್ಯಾಂಪರ್ ವಾಪಸ್ ಇಳಿಸುವಾಗ ಮುಚ್ಚಳ ಕೂರಲು 6 ಮಿ.ಮೀ. ಬಾಕಿ ಇರುವಾಗ ಕೈಗೆ ತಡೆ ಸಿಕ್ಕಬೇಕು. ಪಿಸ್ಟನ್ ಎತ್ತಿ ಬಿಟ್ಟರೆ ಕೆಳಗೆ ಟಕ್ ಎಂದು ಲೋಹದ ಸದ್ದು ಬರಬೇಕು. ಜೆಟ್ ನಟ್ಟನ್ನು ಪೂರ್ತಿ ಮೇಲೆ ತಂದು, ಅಲ್ಲಿಂದ 12 ಮುಖ, ಅಂದರೆ ಎರಡು ಸುತ್ತು, ಕೆಳಗಿಳಿಸಿ ಶುರು ಮಾಡಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಲಿಫ್ಟಿಂಗ್ ಪಿನ್‌ನಿಂದ ಪಿಸ್ಟನ್ನನ್ನು ಒಂದು ಮಿ.ಮೀ.ಗಿಂತ ಕಡಿಮೆ ಎತ್ತಿ ಕಿವಿ ಕೊಡಿ. ವೇಗ ಏರಿ ಹಾಗೇ ನಿಂತರೆ ರಿಚ್, ನಟ್ಟು ಒಂದು ಮುಖ ಮೇಲಕ್ಕೆ. ತಕ್ಷಣ ಬಿದ್ದರೆ ಲೀನ್ (ಪೆಟ್ರೋಲ್ ಕಡಿಮೆ), ಒಂದು ಮುಖ ಕೆಳಕ್ಕೆ. ಒಂದು ಕ್ಷಣ ತುಸು ಏರಿ ಮತ್ತೆ ಸಮಕ್ಕೆ ಬಂದರೆ ಸರಿ. ಒಂದು ಸಲಕ್ಕೆ ಒಂದೇ ಮುಖ. ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ಮಿಕ್ಸ್ಚರನ್ನು ತಾನಾಗಿಯೇ ಲೀನ್ ಕಡೆ ಎಳೆಯುವುದರಿಂದ, ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಪ್ಲಗ್ ಬಿಚ್ಚಿ ನೋಡಲೇಬೇಕು. ಕಾಫಿಪುಡಿಯ ಕಂದು ಇರಬೇಕು. ಬೂದು ಬಿಳುಪು ಕಂಡರೆ ಆ ಗಾಡಿಯನ್ನು ಶಿರಾಡಿ, ಆಗುಂಬೆ ಹತ್ತಿಸಬೇಡಿ, ವಾಲ್ವ್ ಸುಡುತ್ತದೆ.

ಪ್ರೀಮಿಯರ್ ಪದ್ಮಿನಿ ಕಾರು ಇಟ್ಟುಕೊಂಡವರಿಗೆ ಈ ತೂತಿನ ತಲೆನೋವಿಲ್ಲ. ಆದರೆ ಅದರ ಸೋಲೆಕ್ಸ್ ಕಾರ್ಬುರೇಟರಿನ ಬಾಯಿ ಮೇಲ್ಮುಖ, ಉದುರಿದ ಸ್ಪಂಜು, ಜಾರಿದ ವಾಶರ್ ನೇರ ಒಳಗೇ ಬೀಳುತ್ತವೆ. ಕೆಲಸ ಮಾಡುವಾಗ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ.

ಉಡುಪಿಯ ಆ ಗಾಡಿಗೆ ಈಗ ಹಳೇ ಆಯಿಲ್ ಬಾತ್ ಏರ್ ಕ್ಲೀನರೇ ವಾಪಸ್ ಬಂದಿದೆ. ಅದರ ಬಟ್ಟಲನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗುರುತಿನ ತನಕ ಎಂಜಿನ್ ಆಯಿಲ್ ತುಂಬಿದರಾಯಿತು. ಗುರುತು ಮೀರಿದರೆ ಆಯಿಲ್ ಕಾರ್ಬುರೇಟರಿಗೆ ಎಳೆಯುತ್ತದೆ. ಬೆರಳಿಟ್ಟಾಗ ಅಡಿಯಲ್ಲಿ ಕೆಂಪು ಕೆಸರು ಸಿಕ್ಕಿದರೆ ಅಥವಾ ಮಳೆಗಾಲದಲ್ಲಿ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದರೆ ಚೆಲ್ಲಿ ಹೊಸದು ಹಾಕಿ. ಕೋನ್ ಫಿಲ್ಟರ್ ಹಾಕಿಸುವವರು ಹಳೇದನ್ನು ಗುಜರಿಗೆ ಕೊಡಬೇಡಿ, ಅದರ ಎಲ್ಬೋ (ಕಾರ್ಬುರೇಟರಿಗೆ ಕೂರುವ ಬಾಗಿದ ಪೈಪು), ಪ್ಯಾಕಿಂಗ್, ಬ್ರೀದರ್ ಪೈಪು, ಬೋಲ್ಟುಗಳನ್ನು ಒಂದು ಡಬ್ಬಿಯಲ್ಲಿ ಹಾಕಿಡಿ. ಹೊಸ ಪ್ಲೇಟಿನಲ್ಲಿ ಎಲ್ಲಿ ತೂತು ಬೇಕೆಂದು ನೋಡಲು ಆ ಹಳೇ ಎಲ್ಬೋವಿನ ಮುಖವೇ ಅಚ್ಚು.